ಒಂದೇ ಮಳೆಯ ಕೆಳಗೆ ನಾಲ್ಕು ಬೆಳೆ

ಶೇರು ಮಾರುಕಟ್ಟೆಯ ಅಪಾಯದ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದರೆ ಬಾಳೂರಿನಲ್ಲಿ ಯಾರೂ ಬೆರಗಾಗುವುದಿಲ್ಲ. ಹೂಮಳೆಗಾಗಿ ಮಾರ್ಚ್ ತಿಂಗಳಿಡೀ ಆಕಾಶ ನೋಡುವವರಿಗೆ ಅಪಾಯವೆಂದರೇನೆಂದು ಹೇಳಿಕೊಡಬೇಕಾಗಿಲ್ಲ.

ನಮ್ಮ ತೋಟದಲ್ಲಿ ಮೇಲೆ ಅರೇಬಿಕಾ, ತಗ್ಗಿನಲ್ಲಿ ರೋಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕಾಳುಮೆಣಸು, ಹಳ್ಳದ ಬದಿಗೆ ಅಡಿಕೆ. "ಒಂದು ಕೈಕೊಟ್ರೆ ಇನ್ನೊಂದು ಹಿಡೀತದೆ" ಎನ್ನುತ್ತಾರೆ ಅಪ್ಪ. 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಇದೇ ಮಾತಿಗೆ ಗಣಿತ ಕೊಟ್ಟರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರು ಒಂದು ಷರತ್ತು ಸೇರಿಸಿದ್ದರು. ಎಷ್ಟು ಬಗೆ ಇಟ್ಟುಕೊಂಡಿದ್ದೀರಿ ಎನ್ನುವುದಷ್ಟೇ ಸಾಲದು, ಅವು ಒಟ್ಟಿಗೆ ಬೀಳುತ್ತವೆಯೇ ಎಂದೂ ನೋಡಬೇಕು.

ಲೆಕ್ಕ ಸರಳ. ನಾಲ್ಕು ಶೇರುಗಳಲ್ಲಿ ಸಮನಾಗಿ ಹಣ ಹಾಕಿದ್ದೀರಿ, ಪ್ರತಿಯೊಂದರ ಏರಿಳಿತ ಶೇ. 20 ಎಂದಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಒಟ್ಟು ಏರಿಳಿತ ಶೇ. 10ಕ್ಕೆ ಇಳಿಯುತ್ತದೆ. ನಾಲ್ಕೂ ಒಂದೇ ತಾಳಕ್ಕೆ ಕುಣಿದರೆ ಶೇ. 20ರಲ್ಲೇ ಉಳಿಯುತ್ತದೆ; ಅಂಥ ನೂರು ಶೇರು ಕೊಂಡರೂ ಅಷ್ಟೇ.

ಬೆಲೆಯ ಮಟ್ಟಿಗೆ ಅಪ್ಪನ ಲೆಕ್ಕ ಸರಿ. ಅರೇಬಿಕಾ ದರ ನ್ಯೂಯಾರ್ಕ್ ನೋಡುತ್ತದೆ, ರೋಬಸ್ಟಾ ಲಂಡನ್ ನೋಡುತ್ತದೆ. ಮೆಣಸಿಗೆ ವಿಯೆಟ್ನಾಮಿನ ಫಸಲಿನ ಚಿಂತೆ, ಅಡಿಕೆಗೆ ಉತ್ತರ ಭಾರತದ ಪಾನ್ ಮಸಾಲದ ಚಿಂತೆ. ಇವೆಲ್ಲ ಒಟ್ಟಿಗೆ ಕುಸಿಯುವುದು ಅಪರೂಪ.

ಆದರೆ ಬೆಲೆ ನಾಲ್ಕು ಕಡೆಯಿಂದ ಬಂದರೂ ಮಳೆ ಬರುವುದು ಒಂದೇ ಆಕಾಶದಿಂದ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆಯ ಕಡೆ ಗುಡ್ಡ ಜರಿದು ಮನೆ, ತೋಟಗಳೇ ಹೋದವು. ಗುಡ್ಡ ಜರಿಯದ ಕಡೆಯೂ ಅಂಥ ಮಳೆಗೆ ಕಾಫಿಕಾಯಿ ಉದುರುತ್ತದೆ, ಮೆಣಸಿನ ಬಳ್ಳಿಗೆ ಸೊರಗು ರೋಗ, ಅಡಿಕೆಗೆ ಕೊಳೆ. ನಾಲ್ಕು ಬೆಳೆ ಆಗ ಒಂದೇ ಬೆಳೆ. ಶೇರುಪೇಟೆಗೂ ಇಂಥ ಮಳೆಗಾಲವಿದೆ: 2008ರಲ್ಲಿ ಸೆನ್ಸೆಕ್ಸ್ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಬ್ಯಾಂಕು, ಉಕ್ಕು, ಸಿಮೆಂಟು ಎಂದು ಹಂಚಿಟ್ಟವರೂ ನೆನೆದರು. ಒಂದು ಕಂಪನಿಯ ಅಪಾಯವನ್ನು ಹಂಚಿಕೆ ಕರಗಿಸುತ್ತದೆ. ಎಲ್ಲರ ಮೇಲೂ ಬೀಳುವ ಅಪಾಯವನ್ನಲ್ಲ.

ಮಲೆನಾಡಿನ ಮನೆಗಳು ಇದಕ್ಕೂ ಒಂದು ದಾರಿ ಕಂಡುಕೊಂಡಿವೆ. ಮಕ್ಕಳಲ್ಲಿ ಒಬ್ಬರನ್ನಾದರೂ ಘಟ್ಟದ ಮಳೆ ತಲುಪದ ಊರಿಗೆ ಕಳಿಸುತ್ತವೆ. ನಮ್ಮ ಮನೆಯಲ್ಲಿ ಆ ಐದನೇ ಬೆಳೆ ನಾನು. "ನಿನ್ನ ಫೆಲೋಶಿಪ್ ಮಳೆಗೆ ಉದುರೋದಿಲ್ಲವಲ್ಲ" ಎಂದು ಅಪ್ಪ ನಗುತ್ತಾರೆ.

ಮುಂದಿನ ವರ್ಷ ಅದು ಮುಗಿಯುತ್ತದೆ. ಅಪ್ಪನಿಗೆ ಈಗ ಮಂಡಿನೋವು, ಆಳುಗಳು ಸಿಗುವುದು ಕಷ್ಟ. ಊರಿಗೆ ಬಂದು ತೋಟ ನೋಡಿಕೋ ಎಂದು ಅಮ್ಮ ಮೆಲ್ಲಗೆ ಹೇಳಿದ್ದಾರೆ. ನನ್ನ ಪ್ರಬಂಧದ ಪ್ರಕಾರ ನಾನು ದೂರವೇ ಇರಬೇಕು. ಬಂದರೆ ಐದನೇ ಬೆಳೆಯೂ ಅದೇ ಮಳೆಯ ಕೆಳಗೆ ಬಂದಂತೆ. ಬಾರದಿದ್ದರೆ ಉಳಿದ ನಾಲ್ಕನ್ನು ನೋಡುವವರು ಯಾರು ಎಂಬುದಕ್ಕೆ ಮಾರ್ಕೊವಿಟ್ಜ್ ಸೂತ್ರದಲ್ಲಿ ಜಾಗವಿಲ್ಲ. ಶೇರಿಗೆ ಗೊಬ್ಬರ ಹಾಕಬೇಕಿಲ್ಲ, ಬೋರ್ಡೋ ಸಿಂಪಡಿಸಬೇಕಿಲ್ಲ. ತೋಟಕ್ಕೆ ಬೇಕು, ಅದೂ ಮಳೆ ಹಿಡಿಯುವ ಮೊದಲೇ.