ಹತ್ತೊಂಬತ್ತರ ಪಾನಾ

ಕೇರಿಯ ಬೋರಿಂಗು ಕೆಟ್ಟು ಎಂಟು ದಿನವಾಗಿತ್ತು. ರಿಪೇರಿಯವರು ಬರಲಿಲ್ಲ. ನಮ್ಮ ಅವ್ವಂದಿರು ಮೇಲಿನ ಓಣಿಯ ನಳದ ಮುಂದೆ ಕೊಡ ಹಿಡಿದು ದೂರ ನಿಲ್ಲುತ್ತಿದ್ದರು. ಧಾರವಾಡದಲ್ಲಿ ಬಿ.ಎ. ಓದಿ ಬಂದ ನಾವು ಹುಬ್ಬಳ್ಳಿಯಿಂದ ಸ್ಕ್ರೂ ಪಾನಾ ಕಡ ತಂದೆವು. ಒಂದೇ ಪಾನಾ ಎಲ್ಲಾ ಬೋಲ್ಟಿಗೂ ಆಗತೈತಿ ಎಂಬ ಹುರುಪು.

ತುಕ್ಕು ಹಿಡಿದ ಬೋಲ್ಟಿಗೆ ಹಾಕಿ ಜಗ್ಗಿದೆವು. ಪಾನಾದ ಬಾಯಿ ಸಡಿಲಾಗಿ ಜಾರಿತು. ಬೋಲ್ಟಿನ ಮೂಲೆ ಸವೆಯಿತು, ನಮ್ಮ ಬೆರಳು ಒಡೆಯಿತು.

ಗ್ಯಾರೇಜಿನಲ್ಲಿ ದುಡಿಯುವ ಕಾಕಾ ಬಂದ. "ಲೇ ತಮ್ಮಾ, ಅಳತಿ ಗೊತ್ತಿದ್ದಲ್ಲಿ ಅಳತಿ ಪಾನಾನ ಹಾಕಬೇಕು. ಇದು 12 ಎಂ.ಎಂ. ಬೋಲ್ಟು. 19ರ ಪಾನಾ ತಾ."

ನಿಜ. ಇದು 1970ರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮಾದರಿ ಹಿಡಿದು, ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್ 2. ಊರು ಯಾವುದಾದರೂ ಬೋಲ್ಟಿನ ಅಳತೆ ಒಂದೇ.

ಹಾಗಂತ ಸ್ಕ್ರೂ ಪಾನಾ ಬಿಸಾಡಬೇಕಿಲ್ಲ. ಇಂಚಿನ ಲೆಕ್ಕದ ಹಳೇ ನಟ್ಟಿಗೆ, ಒಂದು ಕಡೆ ತಿರುವುವಾಗ ಇನ್ನೊಂದು ಕಡೆ ಹಿಡಿಯಲಿಕ್ಕೆ ಅದು ಬೇಕು. ಬಾಯಿ ಬಿಗಿ ಮಾಡಿ, ಭಾರ ಅಲುಗದ ದವಡೆಯ ಮೇಲೆ ಬೀಳುವಂತೆ ಜಗ್ಗಬೇಕು.

ಸವೆದ ಬೋಲ್ಟನ್ನು ಕಾಕಾ ಉಳಿ ಬಡಿದು ಬಿಚ್ಚಿದ. ಕಡಿದ ಸರಪಳಿ ಬದಲಿಸಿದೆವು. ಸಂಜೆಗೆ ನೀರು ಬಂತು.

'ಹೊಂದಿಕೊಂಡು ಹೋಗ್ರಿ' ಎಂದು ನಮಗೆ ಹೇಳುವವರು ಬಹಳ. ನಾವು ಮನೆಗಿಷ್ಟು ರೊಕ್ಕ ಕೂಡಿಸಿ 19ರ ಪಾನಾ ಕೊಂಡೆವು. ಅದೀಗ ಕೇರಿಯ ಗುಡಿಯ ಗೂಟಕ್ಕೆ ತೂಗತೈತಿ. ಇನ್ನ ಯಾರ ಬಾಗಿಲಿಗೂ ಕೇಳಾಕ ಹೋಗಂಗಿಲ್ಲ.