ೞಕಾರದ ಸ್ಥಾನ

ನಿವೃತ್ತರಾದ ಕನ್ನಡ ಪಂಡಿತರೊಬ್ಬರು ಹನ್ನೆರಡು ವರ್ಷ ಶ್ರಮಪಟ್ಟು ತಮ್ಮ ಸೀಮೆಯ ವೀರಗಲ್ಲುಗಳ ಪಾಠವನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿದ್ದರು. ಹಳೆಯ ಯಂತ್ರವು ಕೆಟ್ಟು ಹೊಸತು ಬಂದ ದಿನ ಕಡತವನ್ನು ತೆರೆದರೆ ಕನ್ನಡದ ಸುಳಿವೇ ಇಲ್ಲ. ತಲೆಯ ಮೇಲೆ ಚುಕ್ಕೆ ಗೀಟುಗಳನ್ನು ಹೊತ್ತ ರೋಮನ್ ಅಕ್ಷರಗಳ ಜಾತ್ರೆ! ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

“ತಾತ, ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ,” ಎಂದು ಮೊಮ್ಮಗಳು ಸಮಾಧಾನ ಹೇಳಿದಳು. 1963ರಲ್ಲಿ ಅಮೆರಿಕದವರು ಗೊತ್ತುಮಾಡಿದ ಆಸ್ಕಿ ಪಟ್ಟಿಯಲ್ಲಿ ಇದ್ದವು 128 ಸ್ಥಾನಗಳು. ರೋಮನ್ ದೊಡ್ಡ ‘ಎ’ಗೆ 65, ಕನ್ನಡಕ್ಕೆ ಒಂದೂ ಇಲ್ಲ. ಆದುದರಿಂದ ಹಳೆಯ ಫಾಂಟುಗಳು ಪರರ ಅಂಕೆಗಳ ಮೇಲೆಯೇ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದ್ದವು. ಫಾಂಟು ಹೋಯಿತು, ವೇಷ ಕಳಚಿತು. 1991ರಲ್ಲಿ ಹೊರಟ ಯೂನಿಕೋಡಿನಲ್ಲಾದರೋ ಕನ್ನಡಕ್ಕೆ 3200ರಿಂದ 3327ರ ವರೆಗೆ ಸ್ವಂತ ಕೇರಿಯೇ ಉಂಟು. ಅಲ್ಲಿ ‘ಕ್ಷ’ಕ್ಕೆ ಬೇರೆ ಅಂಕೆಯಿಲ್ಲ, ಕಕಾರದ 3221, ಸ್ವರವನ್ನು ಕಳೆಯುವ ಚಿಹ್ನೆಯ 3277, ಷಕಾರದ 3255 ಸಾಲಾಗಿ ನಿಂತರೆ ಅದೇ ‘ಕ್ಷ’. ಬರೆಯುವ ಆಕಾರವನ್ನು ಬಿಟ್ಟು ನುಡಿಯುವ ಕ್ರಮವನ್ನು ಹಿಡಿದ ಈ ಜಾಣ್ಮೆಗೆ ಪಂಡಿತರು ಬಾಯ್ತುಂಬ ಶಹಭಾಸ್ ಎಂದರು.

ಪರಿವರ್ತನೆಯ ತಂತ್ರಾಂಶವೊಂದರಿಂದ ಪಾಠವೆಲ್ಲವೂ ಕ್ಷಣದಲ್ಲಿ ಕನ್ನಡವಾಯಿತು. ಆದರೆ ಹಳೆಯ ಫಾಂಟಿನಲ್ಲಿ ೞಕಾರವಿರಲಿಲ್ಲ. ಅಚ್ಚಿನ ವೇಳೆಗೆ ತಿದ್ದಿದರಾಯಿತೆಂದು ಪಂಡಿತರು ಎಲ್ಲೆಡೆಯೂ ‘ಳ’ವನ್ನೇ ಹಾಕಿದ್ದರು. ಹೊಸ ಪಟ್ಟಿಯಲ್ಲಿ ಅದನ್ನು ಹುಡುಕಿದರು. ರ, ಱ, ಲ, ಳ ಎಂಬಿವು 3248ರಿಂದ 3251ರ ವರೆಗೆ ಕ್ರಮವಾಗಿ ಕುಳಿತಿವೆ. ತಮಿಳು ಮಲಯಾಳಗಳ ಪಟ್ಟಿಗಳಲ್ಲಿ ಈ ಅಕ್ಷರವು ಕುಳಿತ ಮನೆಗೆ ಸರಿಯಾದ ನಮ್ಮ 3252 ಮಾತ್ರ ಬರಿದು. ನಮ್ಮ ೞಕಾರವು ದೂರದ 3294ರಲ್ಲಿದೆ, ಅದೂ ‘ಫ’ ಎಂಬ ತಪ್ಪು ಹೆಸರಿನಿಂದ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ಕಟ್ಟಳೆಯಾದುದರಿಂದ ಸರಿಯಾದ ಹೆಸರು ಉಪನಾಮವಾಗಿ ಮಾತ್ರ ಸೇರಿತು.

ಹೆಸರು ಹೇಗಾದರೂ ಇರಲಿ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಕಡತದಲ್ಲಿ ಎರಡಕ್ಕೂ ಈಗ ಒಂದೇ 3251. ಯಾವ ಕಲ್ಲು ಬದುಕನ್ನು ಹೇಳಿತು, ಯಾವುದು ಕತ್ತಿಯನ್ನು ಹೇಳಿತು ಎಂಬುದನ್ನು ಯಂತ್ರವು ಹೇಳಲಾರದು. ಪಂಡಿತರು ಅಟ್ಟದಿಂದ ಕಾಗದದ ಪಡಿಯಚ್ಚುಗಳನ್ನು ಇಳಿಸಿ, ಕನ್ನಡಕವನ್ನು ಒರಸಿಕೊಂಡು, ಒಂದೊಂದೇ ಸಾಲನ್ನು ತಿದ್ದುತ್ತ ಕುಳಿತಿದ್ದಾರೆ. ಈಗ ಮೂರನೆಯ ಕಟ್ಟು ನಡೆದಿದೆ.