ಮೂಲೆ ಕೊಟ್ಟರೆ ಬಾಸ್ ಬರುತ್ತದೆ

ಪ್ರೀತಿಯ ಗೆಳೆಯರೇ,

ಎಪ್ಪತ್ತರ ದಶಕದ ಕ್ಲಿಪ್ಶ್‌ಹಾರ್ನ್ ಸ್ಪೀಕರ್ ಜೋಡಿಯೊಂದು ಅಮೆರಿಕದ ನಿಮ್ಮ ಮನೆ ಸೇರಿದೆ ಎಂದರೆ ಅದು ಭಾಗ್ಯವೇ ಸರಿ. ಗಾಯಕರ ಕಂಠ ಎದುರಿಗೇ ಕೂತು ಹಾಡಿದಂತಿದೆ, ಬಾಸ್ ಮಾತ್ರ ಬಡಕಲಾಗಿದೆ, ಬಾಸ್ ನುಡಿಸುವ ವೂಫರ್ ಬದಲಿಸಿಬಿಡಲೇ ಎಂದು ಪತ್ರದಲ್ಲಿ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಈ ಸ್ಪೀಕರಿನಲ್ಲಿ ವೂಫರ್ ಬಾಸಿಗೆ ಚಾಲನೆ ಕೊಡುತ್ತದೆ, ಅಷ್ಟೇ. ಅದನ್ನು ಬೆಳೆಸಿ ಕೋಣೆಗೆ ಮುಟ್ಟಿಸುವುದು ಪೆಟ್ಟಿಗೆಯೊಳಗಿನ ದಾರಿ ಮತ್ತು ನಿಮ್ಮ ಮನೆಯ ಗೋಡೆ.

ಸಾಮಾನ್ಯ ಸ್ಪೀಕರಿನಲ್ಲಿ ವೂಫರಿನ ಕೋನ್ ಎಷ್ಟೇ ಹೊಡೆದುಕೊಂಡರೂ ಹಗುರ ಗಾಳಿ ಅದರ ಹಿಡಿತಕ್ಕೆ ಸರಿಯಾಗಿ ಸಿಗುವುದಿಲ್ಲ. ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ ಒಂದರಷ್ಟು ಸದ್ದಾದರೆ ಹೆಚ್ಚು, ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ. ಕೋನಿನ ಮುಂದೆ ಹಾರ್ನ್ ಇಟ್ಟರೆ ಅದರ ಇಕ್ಕಟ್ಟಾದ ಗಂಟಲಲ್ಲಿ ಗಾಳಿ ಒತ್ತಡಕ್ಕೆ ಸಿಕ್ಕಿ ಕೋನಿಗೆ ಎದುರು ನಿಲ್ಲುತ್ತದೆ. ಅಲ್ಲಿಂದ ದಾರಿ ಹಂತಹಂತವಾಗಿ ಅಗಲವಾಗುತ್ತ, ಆ ಒತ್ತಡವನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ. ಹಾಗಾಗಿ ಕೋನ್ ಕೂದಲೆಳೆಯಷ್ಟು ಆಡಿದರೂ ಸದ್ದು ತುಂಬಿಕೊಂಡು ಬರುತ್ತದೆ. ಕಡಿಮೆ ಆಡುವ ಕೋನ್ ಸ್ವರವನ್ನು ಕೆಡಿಸುವುದೂ ಕಡಿಮೆ. ನಿಮಗೆ ಕೇಳಿದ ಆ ನಿಚ್ಚಳ ಕಂಠಕ್ಕೂ ಇದೇ ಕಾರಣ.

ಕಷ್ಟ ಇರುವುದು ಅಳತೆಯಲ್ಲಿ. ಡಬಲ್ ಬಾಸಿನ ಕೆಳತಂತಿಯ ಸ್ವರ ಸುಮಾರು 41 ಹರ್ಟ್ಜ್. ಅದರ ಆಸುಪಾಸಿನ 40 ಹರ್ಟ್ಜ್ ಅಲೆಯ ಉದ್ದ 8.6 ಮೀಟರ್. ಬಯಲಲ್ಲಿಟ್ಟ ಹಾರ್ನ್ ಅದನ್ನು ಸಲೀಸಾಗಿ ಹೊರಡಿಸಬೇಕಾದರೆ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಅಂದರೆ ಬಾಯಿಯ ಅಗಲವೇ 2.7 ಮೀಟರ್! ನಮ್ಮೂರ ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುತ್ತಿದ್ದ ಹಾರ್ನ್ ನೆನಪಿರಬೇಕಲ್ಲ? ಬಾಯಿ ಅರ್ಧ ಮೀಟರ್ ಅಗಲವಿದ್ದರೆ ಸುಮಾರು 200 ಹರ್ಟ್ಜ್‌ನಿಂದ ಕೆಳಗೆ ಅದಕ್ಕೆ ಹಿಡಿತವೇ ಇಲ್ಲ. ಹಾಡು ಮೈಲಿ ದೂರ ಕೇಳಿದರೂ ಅದರಲ್ಲಿ ಮೃದಂಗದ ಎಡಗೈ ನಾದ ಇರುತ್ತಿರಲಿಲ್ಲ.

ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಪುಟ್ಟ ಊರಿನಲ್ಲಿ ಪಾಲ್ ಕ್ಲಿಪ್ಶ್ ಈ ಕಷ್ಟಕ್ಕೆ ಎರಡು ಉಪಾಯ ಮಾಡಿದರು. 1946ರಲ್ಲಿ ಅಲ್ಲಿ ಶುರುವಾದ ಅವರ ಕಂಪನಿ ಕ್ಲಿಪ್ಶ್‌ಹಾರ್ನನ್ನು ಇಂದಿಗೂ ತಯಾರಿಸುತ್ತಿದೆ. ಮೊದಲನೆಯ ಉಪಾಯ, ಮೂಲೆ. ನೆಲ ಮತ್ತು ಎರಡು ಗೋಡೆ ಸೇರುವಲ್ಲಿ ಸದ್ದಿಗೆ ಹರಡಲು ಸಿಗುವುದು ಇಡೀ ಬಯಲಿನ ಎಂಟನೇ ಒಂದು ಪಾಲು ಮಾತ್ರ. ಹಾಗಾಗಿ ಹಾರ್ನಿನ ಬಾಯಿಯೂ ಎಂಟನೇ ಒಂದು ಪಾಲಿದ್ದರೆ ಸಾಕು. ಸುಮಾರು 6 ಚದರ ಮೀಟರ್ ಬೇಕಿದ್ದಲ್ಲಿ ಮುಕ್ಕಾಲು ಚದರ ಮೀಟರಿನಲ್ಲಿ ಕೆಲಸ ಮುಗಿಯಿತು. ಎರಡನೆಯದು, ಮಡಿಕೆ. 40 ಹರ್ಟ್ಜ್‌ಗೆ ಮಾಡುವ ಹಾರ್ನಿನ ದಾರಿ ಸುಮಾರು 47 ಸೆಂಟಿಮೀಟರಿಗೊಮ್ಮೆ ಇಮ್ಮಡಿ ವಿಸ್ತಾರವಾಗುತ್ತ ಹೋಗಬೇಕು. ಆ ಉದ್ದವನ್ನೆಲ್ಲ ಅವರು ಪ್ಲೈವುಡ್ ಹಲಗೆಗಳ ನಡುವೆ ಮಡಿಸಿಟ್ಟರು.

ಒಳಗೆ ಇಣುಕಿದರೆ 15 ಇಂಚಿನ ವೂಫರ್ ನಿಮಗೆ ನೇರ ಕಾಣುವುದಿಲ್ಲ. ಅದರ ಮುಂದಿನ ಹಲಗೆಯಲ್ಲಿ ಒಂದು ಸೀಳು ಇದೆ. ಹಲವು ವರ್ಷಗಳ ಮಾದರಿಗಳಲ್ಲಿ ಅದು 13 ಇಂಚು ಉದ್ದ, ಕೇವಲ 3 ಇಂಚು ಅಗಲ. ಅದೇ ಗಂಟಲು. ಸೀಳಿನಿಂದ ಹೊರಟ ಸದ್ದು ಮೇಲಕ್ಕೂ ಕೆಳಕ್ಕೂ ಕವಲೊಡೆದು, ವೂಫರ್ ಕೋಣೆಯನ್ನು ಬಳಸಿ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಎಡಬಲಕ್ಕೆ ಒಡೆದು ಗೋಡೆಗುಂಟ ಹೊರಬರುತ್ತದೆ. ಕೊನೆಯ ಮಜಲಿನಲ್ಲಿ ಹಾರ್ನಿನ ಒಂದು ಬದಿ ಪ್ಲೈವುಡ್ ಆದರೆ ಇನ್ನೊಂದು ಬದಿ ನಿಮ್ಮ ಮನೆಯ ಗೋಡೆಯೇ. ವೂಫರಿನ ಬೆನ್ನಿಗಿರುವ ಕೋಣೆಯಂತೂ ಗಾಳಿಯಾಡದಂತೆ ಮುಚ್ಚಿರಬೇಕು. ಹಾರ್ನ್ ಕೈಬಿಡುವ ಕೆಳಮಿತಿಯ ಹತ್ತಿರ ಅದರೊಳಗಿನ ಗಾಳಿಯ ಜಡತ್ವ ಕೋನನ್ನು ಹಿಂದೆಳೆಯುತ್ತದೆ. ಬೆನ್ನಿನ ಕೋಣೆಯಲ್ಲಿ ಬಂಧಿಯಾದ ಗಾಳಿ ಸ್ಪ್ರಿಂಗಿನಂತೆ ನಿಂತು ಆ ಎಳೆತವನ್ನು ಸರಿದೂಗಿಸುತ್ತದೆ.

ಇನ್ನು ನಿಮ್ಮ ಸ್ಪೀಕರಿಗೆ ಬರೋಣ. ಗೋಡೆ ಬುಡದ ಪಟ್ಟಿ ಅಡ್ಡ ಬರುತ್ತದೆಂದು ಎರಡನ್ನೂ ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟಿದ್ದೇನೆ ಎಂದು ಬರೆದಿದ್ದೀರಿ. ನನ್ನ ಅನುಮಾನ ಇರುವುದು ಅಲ್ಲೇ. ಹೊಸ ಮಾದರಿಗಳ ಬೆನ್ನು ಮುಚ್ಚಿರುತ್ತದೆ, ಅವನ್ನು ಹಾಗಿಟ್ಟರೂ ನಡೆದೀತು. ನಿಮ್ಮದರ ಬೆನ್ನು ತೆರೆದದ್ದು, ಆ ಸಂದಿನಲ್ಲಿ ಹಾರ್ನೇ ಒಡೆದು ಹೋಗಿದೆ. ಎರಡನ್ನೂ ಮೂಲೆಗೆ ಒತ್ತಿ, ಗೋಡೆಗೆ ತಾಗುವ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ. ಬಾಗಿಲು, ಕಿಟಕಿ ಪಕ್ಕದಲ್ಲೇ ಇರುವ ಮೂಲೆ ಬೇಡ. ಆಮೇಲೆ 60 ಹರ್ಟ್ಜ್‌ನ ಒಂದು ಸ್ವರವನ್ನು ಮೆಲ್ಲಗೆ ನುಡಿಸಿ, ವೂಫರ್ ಕೋಣೆಯ ಮುಚ್ಚಳದ ಅಂಚಿನುದ್ದಕ್ಕೂ ಊದಿನಕಡ್ಡಿ ಹಿಡಿಯಿರಿ. ಹೊಗೆ ಪಟಪಟ ನಡುಗಿದಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಹಳೆಯ ಗ್ಯಾಸ್ಕೆಟ್ ತೆಗೆದು ಹೊಸದು ಹಾಕಿ, ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ.

ಆಂಪ್ಲಿಫೈಯರಿನ ಬಾಸ್ ಗುಂಡಿ ತಿರುಗಿಸಿ ಇದನ್ನು ಸರಿಪಡಿಸಲು ಮಾತ್ರ ಹೋಗಬೇಡಿ. ಕೆಳಮಿತಿ ದಾಟಿದ ಮೇಲೆ ಕೋನಿಗೆ ಹಾರ್ನಿನ ಆಸರೆಯೇ ಇರುವುದಿಲ್ಲ, ಸುಮ್ಮನೆ ಒದ್ದಾಡುತ್ತದೆ.

ಮೂಲೆಯೇ ಇಲ್ಲದ ಮನೆಯವರು ಏನು ಮಾಡಬೇಕು ಎಂದೂ ಕೇಳಿದ್ದೀರಿ. ಅಂಥವರಿಗೆ ಕ್ಲಿಪ್ಶ್ 1963ರಲ್ಲಿ ತಂದ, ಮೂಲೆ ಬೇಡದ ಲಾ ಸ್ಕಾಲಾ ಸ್ಪೀಕರ್ ಆದೀತು. ಅದರ ಬಾಯಿ ಚಿಕ್ಕದು, ಹಾಗಾಗಿ ಬಾಸ್ ಬೇಗ ತೆಳುವಾಗುತ್ತದೆ. ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ 1945ರಿಂದ ಸಿನಿಮಾ ಮಂದಿರಗಳಿಗೆ ಕೊಟ್ಟ ವಾಯ್ಸ್ ಆಫ್ ದ ಥಿಯೇಟರ್ ಸರಣಿಯ ಎ-7 ಬೇರೆ ದಾರಿ ಹಿಡಿಯಿತು: ವೂಫರಿನ ಮುಂದೆ ಗಿಡ್ಡ ಹಾರ್ನ್, ಅದು ಕೈಬಿಟ್ಟಲ್ಲಿಂದ ಕೆಳಗಿನ ಸ್ವರಗಳಿಗೆ ಪೆಟ್ಟಿಗೆಯ ಕಿಂಡಿ. ಯಾವ ದಾರಿ ಹಿಡಿದರೂ ಅಲೆಯ ಉದ್ದಕ್ಕೆ ತಕ್ಕ ಜಾಗ ಕೊಡಲೇಬೇಕು. ಪೆಟ್ಟಿಗೆ ಕೊಡದಿದ್ದರೆ ಕೋಣೆ ಕೊಡಬೇಕು.

ಈ ವಾರ ಜಾಗ ಬದಲಿಸಿ, ಸೋರಿಕೆ ಮುಚ್ಚಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಕಛೇರಿಯ ಧ್ವನಿಮುದ್ರಿಕೆಯನ್ನು ಮೊದಲೂ ಆಮೇಲೂ ಕೇಳಿ. ಅಷ್ಟಾದರೂ ಬಾಸ್ ಬಾರದಿದ್ದರೆ ಮತ್ತೆ ಬರೆಯಿರಿ. ವೂಫರಿನ ವಿಚಾರ ಆಗ ಮಾತಾಡೋಣ.

ಪ್ರೀತಿಯಿಂದ,
ನಿಮ್ಮ ಗೆಳೆಯ